ಮೊರದ ತುಂಬ ಫೋನು

ಎರಡು ಶಾಲು ಬೇಕು ಎಂದಷ್ಟೇ ಹೇಳಿ ಹಿರಿಯಣ್ಣ ಸುಮ್ಮನಾದ. ಯಾರಿಗೆ ಎಂದು ಅಂಗಡಿಯವನು ಕೇಳುತ್ತಾನೆಂದು ಗೊತ್ತಿತ್ತು, ಕೇಳದಿದ್ದರೆ ಸಾಕಪ್ಪ ಎಂದೂ ಇತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಆ ಅಂಗಡಿಯಲ್ಲಿ ಶಾಲು, ಪೇಟ, ಗಂಧದ ಹಾರ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆ ಎಲ್ಲ ಒಂದೇ ಕಡೆ ಸಿಗುತ್ತವೆ. ಬರಿಗೈಲಿ ಒಳಗೆ ಹೋದವನು ಒಂದು ಇಡೀ ಸನ್ಮಾನವನ್ನೇ ಪೊಟ್ಟಣ ಕಟ್ಟಿಸಿಕೊಂಡು ಹೊರಗೆ ಬರಬಹುದು. "ಯಾರಿಗೆ ಸಾಬ್, ಗಂಡಸರಿಗಾ ಹೆಂಗಸರಿಗಾ?" ಎಂದು ಅಂಗಡಿಯವನು ಕೇಳಿಯೇ ಬಿಟ್ಟ. ಒಂದು ಹುಡುಗಿಗೆ, ಟೀವಿಯಲ್ಲಿ ಹಾಡಿದ ಅಕ್ಷರಾಗೆ ಎನ್ನುತ್ತಲೇ ಅವನ ಮುಖ ಅರಳಿತು. "ಅರೆ, ನಮ್ಮ ಭದ್ರಾವತಿ ಹುಡುಗಿ! ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿ ಇತ್ತು, ಕೆಡಗಿಬಿಟ್ರಲ್ಲ ಸಾಬ್. ಬೇಇನ್ಸಾಫಿ, ಬರೀ ಅನ್ಯಾಯ. ನಮ್ಮ ಮನೇಲಿ ಇರೋ ಫೋನಿಂದೆಲ್ಲ ವೋಟು ಹಾಕಿದ್ವಿ. ನೀವು ಹಾಕಿದ್ರಾ?" ಹಾಕಿದ್ವಿ ಎಂದ ಹಿರಿಯಣ್ಣ. ಆ ಮಾತು ಸುಳ್ಳಲ್ಲ. ವೋಟು ಹಾಕಿದ್ದಂತೂ ನಿಜ.

"ಇನ್ನೊಂದು ಶಾಲು?" "ಅದು ಒಬ್ಬ ವಯಸ್ಸಾದವರಿಗೆ." ಅಂಗಡಿಯವನು ಮೆರೂನು ಬಣ್ಣದ, ಜರಿ ಅಂಚಿನ ಶಾಲೊಂದನ್ನು ಕೊಡವಿ ಬಿಡಿಸಿದ. "ನಿಮ್ಮಷ್ಟೇ ಮೈಕಟ್ಟಾ ಅವ್ರು? ಹಾಗಾದ್ರೆ ನಿಮ್ಮ ಮೇಲೇ ನೋಡೋಣ ತಡೀರಿ" ಎಂದು ಕೇಳದೆ ಹೆಗಲಿಗೆ ಹೊದಿಸಿಯೂ ಬಿಟ್ಟ. ಎದುರಿನ ಕನ್ನಡಿಯಲ್ಲಿ ಶಾಲು ಹೊದ್ದ ಮುದುಕನೊಬ್ಬ ನಿಂತಿದ್ದ. ಯಾವುದೋ ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ಹಾಗೆ ಕಾಣುತ್ತಿದ್ದ. ಹಿರಿಯಣ್ಣನಿಗೆ ಮೈಯೆಲ್ಲ ಮುಳ್ಳೆದ್ದಿತು. ನಿನ್ನೆ ಪಕ್ಕದ ಮನೆಯ ಮಲ್ಲಿಕ್, ಅಕ್ಷರಾಳ ಅಪ್ಪ, "ಎರಡು ಶಾಲು ತಂದ್ಬಿಡಿ ಅಣ್ಣ, ಒಂದು ನಮ್ಮ ಪಾಪೂಗೆ, ಒಂದು ಮುಖ್ಯ ಅತಿಥಿಗೆ" ಎಂದು ಹೇಳುವಾಗ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಆ ಕ್ಷಣವೇ ಹಿರಿಯಣ್ಣನಿಗೆ ಮುಖ್ಯ ಅತಿಥಿ ಯಾರೆಂಬುದು ಗೊತ್ತಾಗಿತ್ತು. ತನ್ನ ಸನ್ಮಾನದ ಶಾಲನ್ನು ತಾನೇ ಆರಿಸಿ ತರಲು ಬಂದವನು ಈ ಬಜಾರಿನಲ್ಲಿ ಇನ್ನೊಬ್ಬ ಇದ್ದಾನೆಯೇ ಎಂದು ಯೋಚಿಸಿದ. ಇದ್ದರೂ ಅವನು ತನ್ನಷ್ಟು ಹೆದರಿರಲಾರ. "ಇದೇ ಇರ್ಲಿ" ಎಂದು ಶಾಲನ್ನು ಬೇಗ ಬೇಗ ತೆಗೆದು ಕೊಟ್ಟ.

ಮಗಳು ವಾಣಿ ಹೊಳಲೂರಿನಿಂದ ಬರುವವಳಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಇಬ್ಬರೂ ಒಟ್ಟಿಗೆ ಭದ್ರಾವತಿಗೆ ಹೋಗುವುದೆಂದು ಮಾತಾಗಿತ್ತು. ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು, ಕಾಲು ಎಳೆಯುತ್ತ ಹಿರಿಯಣ್ಣ ಬಜಾರಿನ ಗದ್ದಲದೊಳಗೆ ನಡೆದ. ಹೂವಿನವರ ಸಾಲಿನಲ್ಲಿ ಸೇವಂತಿಗೆಯ ವಾಸನೆ ಬಂದದ್ದೇ ಮೊರದ ನೆನಪಾಯಿತು. ಮೊರ ಎಂದರೆ ಅಕ್ಕಿ ಕೇರುವ ಮೊರವೇ. ಟೀವಿಯ ಹಾಡಿನ ಸ್ಪರ್ಧೆ ಶುರುವಾದ ಮಳೆಗಾಲದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನ ಹೆಂಡತಿ ವಸಂತಮ್ಮ ಅದನ್ನು ತೊಳೆದು, ಒಂದು ಬಿಳಿ ಪಂಚೆಯ ತುಂಡು ಹಾಸಿ, ಕಾಗದನಗರದ ತಮ್ಮ ಸಾಲಿನ ಕ್ವಾರ್ಟರ್ಸ್ ಅಷ್ಟಕ್ಕೂ ಹೋಗಿ ಬರುತ್ತಿದ್ದಳು. ಬರುವಾಗ ಮೊರದ ತುಂಬ ಫೋನು. ಗಾಜು ಒಡೆದವು, ರಬ್ಬರು ಬ್ಯಾಂಡು ಸುತ್ತಿದವು, ಮೊಮ್ಮಕ್ಕಳ ಚಿತ್ರದವು, ದೇವರ ಚಿತ್ರದವು. ಎಲ್ಲದರ ಮೇಲೆ ಅವಳೇ ಒಂದು ಸೇವಂತಿಗೆ ಇಡುತ್ತಿದ್ದಳು. ಶನಿವಾರ ಸಂಜೆ ಹಾಡು, ಭಾನುವಾರ ಮಧ್ಯಾಹ್ನದ ತನಕ ಆ್ಯಪಿನಲ್ಲಿ ವೋಟು. ಕೇರಿಯಲ್ಲಿ ಉಳಿದವರೆಲ್ಲ ಕಾಗದದ ಮಿಲ್ಲಿನಿಂದ ರಿಟೈರಾದವರು, ಅವರ ಹೆಂಡಿರು. ಆ್ಯಪು ಗೀಪು ಅವರ ಕೈಗೆ ಹತ್ತುವುದಲ್ಲ. ಹಿರಿಯಣ್ಣ ಮಿಲ್ಲಿನ ಟೈಂ ಆಫೀಸಿನಲ್ಲಿ ಇದ್ದವನು. ಯಾರು ಎಷ್ಟು ಹೊತ್ತಿಗೆ ಗೇಟು ದಾಟಿದರು ಎಂಬುದರಲ್ಲಿ ಬೀಗರಿಗೂ ಒಂದು ನಿಮಿಷ ರಿಯಾಯಿತಿ ಕೊಟ್ಟವನಲ್ಲ. ಆಗ ಅದಕ್ಕಾಗಿ ಬೈದುಕೊಂಡವರೇ ಈಗ ಅದಕ್ಕಾಗಿಯೇ ನಂಬುತ್ತಿದ್ದರು. ಹಿರಿಯಣ್ಣನ ಕೈಲಿ ಕೊಟ್ಟರೆ ಕೊಟ್ಟ ಹಾಗೆ ಎಂದು ಫೋನು ಕೊಡುತ್ತಿದ್ದರು, ಬೀಗ ತೆಗೆಯುವ ಗೆರೆಯನ್ನೂ ಹೇಳಿಕೊಡುತ್ತಿದ್ದರು. ನಾಲ್ಕನೇ ಮನೆಯ ದುರ್ಗಮ್ಮಜ್ಜಿಯಂತೂ ಆ ಗೆರೆಯನ್ನು ರಂಗೋಲಿಯ ಎಳೆಯ ಹಾಗೆ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದಳು.

ಅವನೂ ನಂಬಿಕೆ ಉಳಿಸಿಕೊಂಡಿದ್ದ. ವಾರ ವಾರವೂ ಒಂದೊಂದೇ ಫೋನು ಎತ್ತಿ, ಅಕ್ಷರಾಳ ನಗುಮುಖ ಹುಡುಕಿ ಒತ್ತಿ, ಒರೆಸಿ ಪಕ್ಕಕ್ಕಿಡುವುದು. ಕೆಲಸವಿಲ್ಲದ ಬೆರಳಿಗೆ ಒಂದು ಕೆಲಸ. ಮಿಲ್ಲು ನಿಂತ ಮೇಲೆ ಆ ಊರಿನಲ್ಲಿ ವಾರಕ್ಕೊಂದು ದಿನ ಎಲ್ಲರೂ ಒಂದೇ ಹೊತ್ತಿಗೆ ಏಳುವಂತಾದದ್ದು ಈ ಹುಡುಗಿಯಿಂದಲೇ. ಸೈರನ್ನು ಕೂಗುತ್ತಿದ್ದ ಕಾಲದ ಹಾಗೆ ಕೇರಿಗೆ ಜೀವ ಬಂದಿತ್ತು. ವಸಂತಮ್ಮನ ಉತ್ಸಾಹವಂತೂ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಸ್ವಂತ ಮೊಮ್ಮಗಳು ಹಾಡುತ್ತಿದ್ದರೂ ಇಷ್ಟು ಓಡಾಡುತ್ತಿದ್ದಳೋ ಇಲ್ಲವೋ. ಶನಿವಾರ ಸಂಜೆ ಟೀವಿಯ ಮುಂದೆ ಕೂತು ಅಕ್ಷರಾ ಬಾಯಿ ತೆರೆದ ಕೂಡಲೇ ಸೆರಗಿನ ತುದಿ ಕಚ್ಚಿಕೊಂಡು ಅಳುತ್ತಿದ್ದಳು. ಅವನಿಗೆ ಹುಡುಗಿಯ ಹಾಡು ಚೆನ್ನಾಗಿದೆ ಅನ್ನಿಸುತ್ತಿತ್ತು, ಅಷ್ಟೇ. ನುಣುಪಾದ ಹಾಡು. ಎಲ್ಲೂ ಕಾಲಿಗೆ ಕಲ್ಲು ಸಿಗದ ರಸ್ತೆಯ ಹಾಗೆ. ಅದು ಅವನನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದ್ದು ಬೇರೆ ಹುಡುಗಿಯದು.

ಅವಳು ಎಲ್ಲೋ ಕೊಪ್ಪಳದ ಕಡೆಯವಳು, ಹುಲಿಗೆಮ್ಮ ಎಂದು ಹೆಸರು. ಜನಪದದ ವಾರ ಅವಳು ಬೀಸುವ ಹಾಡೊಂದನ್ನು ಎತ್ತಿಕೊಂಡಳು. ಕೆಳಗಿನಿಂದ ಮೇಲಕ್ಕೆ ಏರುವ ಜಾಗ ಬಂತು. ಏರುವ ಮೊದಲು, ನೀರಿಗೆ ಧುಮುಕುವವರು ತೆಗೆದುಕೊಳ್ಳುವ ಹಾಗೆ, ಒಂದು ಗುಟುಕು ಉಸಿರು. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಹಿರಿಯಣ್ಣನ ಕೈಲಿದ್ದ ಚಕ್ಕುಲಿ ಕೈಲೇ ಉಳಿಯಿತು. ಆ ಉಸಿರು ಅವನಿಗೆ ಗೊತ್ತಿತ್ತು. ಅದು ವಾಣಿಯದು. ಸಣ್ಣವಳಿದ್ದಾಗ ಬಚ್ಚಲಿನಲ್ಲಿ, ಪಾತ್ರೆ ತಿಕ್ಕುವಾಗ, ಹಿತ್ತಿಲಲ್ಲಿ ಬಟ್ಟೆ ಒಣಗಿಸುವಾಗ, ಏರುವ ಸ್ವರಕ್ಕೆ ಮೊದಲು ಯಾರೋ ಬೆನ್ನು ತಟ್ಟಿದ ಹಾಗೆ ಅವಳು ಸೆಳೆದುಕೊಳ್ಳುತ್ತಿದ್ದ ಉಸಿರು. ಟೀವಿಯಲ್ಲಿ ತೀರ್ಪುಗಾರರು ಅದನ್ನೇ ಹಿಡಿದುಕೊಂಡರು. "ಉಸಿರು ಕೇಳಿಸಬಾರದು ಪುಟ್ಟ, ಉಸಿರು ನಿನ್ನ ಹತ್ತಿರಾನೇ ಇರಬೇಕು" ಎಂದು ನಗುತ್ತ ಹೇಳಿ ಅಂಕ ಕಡಿಮೆ ಮಾಡಿದರು. ಆ ಹುಡುಗಿ ತಲೆ ತಗ್ಗಿಸಿ ನಿಂತಿತು. ಹಿರಿಯಣ್ಣನಿಗೆ ಆ ತಗ್ಗಿಸಿದ ತಲೆಯೂ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ವಾಣಿ ಆಗಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಕೂದಲಲ್ಲಿ ಅಲ್ಲಲ್ಲಿ ಬೆಳ್ಳಿ ಎಳೆ. ಇವಳಿಗೆ ಯಾವಾಗ ಇಷ್ಟು ವಯಸ್ಸಾಯಿತು ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುವುದು ಇವತ್ತೂ ಅನ್ನಿಸಿತು. "ದುಶ್ಯಂತ್ ಬರ್ಲಿಲ್ವಾ?" ಎಂದ. "ಟೆಸ್ಟ್ ಇದೆ ಅವನಿಗೆ. ಅವ್ರಪ್ಪನ ಜೊತೆ ಸಂಜೆಗೆ ಬೈಕಲ್ಲಿ ಬರ್ತಾರೆ" ಎಂದಳು. ಭದ್ರಾವತಿಯ ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಅಪ್ಪ ಮಗಳ ನಡುವೆ ಶಾಲಿನ ಪೊಟ್ಟಣ ಕೂತಿತು. ಬಸ್ಸು ಹೊಳೆ ದಾಟಿ ಮಲವಗೊಪ್ಪದ ಕಡೆ ಹೊರಳುವ ತನಕ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವರಿಬ್ಬರ ನಡುವೆ ಮಾತು ಯಾವಾಗಲೂ ಹೀಗೇ, ಆರೋಗ್ಯ, ಮಳೆ, ಮೊಮ್ಮಗನ ಸ್ಕೂಲು. ಮಧ್ಯಾಹ್ನದ ಹೊತ್ತಿಗೆ ಫೋನು ಮಾಡಿದರೆ ಅವಳದು ಎಂಗೇಜು ಬರುತ್ತಿತ್ತು, ಎಷ್ಟೋ ವರ್ಷದಿಂದ ಹಾಗೆ. ಯಾರ ಜೊತೆ ಅಷ್ಟು ಮಾತಾಡುತ್ತಾಳೋ, ತನ್ನ ಜೊತೆಯಂತೂ ಅಲ್ಲ ಎಂದು ಒಂದು ಸಣ್ಣ ಹೊಟ್ಟೆಕಿಚ್ಚು ಅವನೊಳಗೆ ಸುಮ್ಮನೆ ಬಿದ್ದುಕೊಂಡಿತ್ತು.

ಮಿಲ್ಲು ನಡೆಯುತ್ತಿದ್ದ ಕಾಲದ ಮಾತು, ಅದರ ಕ್ಲಬ್ಬಿನಲ್ಲಿ ರಾಜ್ಯೋತ್ಸವ. ಬಾಳೆಕಂಬ, ಕೆಂಪು ಹಳದಿ ಬಟ್ಟೆ, ಬಾಡಿಗೆಯ ಆರ್ಕೆಸ್ಟ್ರಾ. ವಾಣಿ ಆಗ ಪಿಯುಸಿ. ಎರಡನೇ ಚರಣಕ್ಕೆ ಬಂದಿದ್ದಳು, ಆ ಉಸಿರು ಸೆಳೆದುಕೊಂಡು ಮೇಲಕ್ಕೆ ಏರಿದ್ದಳು. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. ಯಾವನೋ "ಟೈಂ ಆಫೀಸ್ ಮಗಳು, ಒನ್ಸ್ ಮೋರ್" ಎಂದು ಕೂಗಿದ, ಒಬ್ಬರಿಗೊಬ್ಬರು ತಿವಿದುಕೊಂಡು ನಕ್ಕರು. ಈಗ ಯೋಚಿಸಿದರೆ ಅದು ಮೆಚ್ಚುಗೆಯೇ ಇದ್ದಿರಬೇಕು. ಆವತ್ತು ಹಿರಿಯಣ್ಣನಿಗೆ ತಾನು ಗೇಟಿನಲ್ಲಿ ತಡೆದು ನಿಲ್ಲಿಸಿದವರೆಲ್ಲ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಚಪ್ಪಲಿಯನ್ನೂ ಬಿಡದೆ ಸ್ಟೇಜು ಹತ್ತಿದ. ಮಗಳ ಕೈಯಿಂದ ಮೈಕು ಕಿತ್ತುಕೊಂಡ. ಕಿತ್ತುಕೊಂಡ ರಭಸಕ್ಕೆ ಮೈಕು ಕಿರ್ರೆಂದು ಕಿರುಚಿತು, ಸಭೆಗೆ ಸಭೆಯೇ ಕಿವಿ ಮುಚ್ಚಿಕೊಂಡಿತು. ಹಾಡು ಅರ್ಧ ಸಾಲಿನಲ್ಲಿ ನಿಂತಿತು. ತೋಳು ಹಿಡಿದು ಇಳಿಸಿಕೊಂಡು ಮನೆಯವರೆಗೂ ನಡೆಸಿಕೊಂಡು ಬರುವಾಗ ಏನೇನೋ ಹೇಳಿದ್ದ. ನಿನ್ನ ಒಳ್ಳೇದಕ್ಕೇ ಎಂದಿದ್ದ. ಅವಳು ತಲೆ ತಗ್ಗಿಸಿಕೊಂಡೇ ನಡೆದಳು. ಆಮೇಲೆ ಬಚ್ಚಲಿನಲ್ಲೂ ಹಾಡಲಿಲ್ಲ. ಮದುವೆಯಾಗಿ ಹೊಳಲೂರಿಗೆ ಹೋದಳು, ಬಾಣಂತನಕ್ಕೆ ಬಂದು ಹೋದಳು, ಹಬ್ಬಕ್ಕೆ ಬಂದು ಹೋದಳು, ಒಂದು ಗುನುಗು ಕೂಡ ಅವನ ಕಿವಿಗೆ ಬೀಳಲಿಲ್ಲ. ಆ ಮೌನಕ್ಕೆ ಅವನು ಹೊಂದಿಕೊಂಡಿದ್ದ ಎಂದು ಎಲ್ಲರೂ ತಿಳಿದಿದ್ದರು. ಅವನೂ ಹಾಗೇ ತಿಳಿದಿದ್ದ, ಹುಲಿಗೆಮ್ಮ ಉಸಿರು ಸೆಳೆದುಕೊಳ್ಳುವ ತನಕ.

ಫೈನಲ್ಲಿಗೆ ಹೋಗುವವರನ್ನು ಆರಿಸುವ ಆ ಭಾನುವಾರ ಮೊರ ಎಂದಿನ ಹಾಗೇ ಬಂತು. ವಾಣಿಯೂ ಊರಿಗೆ ಬಂದಿದ್ದಳು, ಅವಳ ಫೋನೂ ಅದರಲ್ಲಿತ್ತು. ಮೊದಲನೇ ಫೋನು ತೆರೆದ. ಮಕ್ಕಳ ಮುಖಗಳು ಸಾಲಾಗಿ ಬಂದವು. ಬೆರಳು ಅಕ್ಷರಾಳ ಮೇಲೆ ಹೋಗಿ ನಿಂತಿತು, ಅಲ್ಲಿಂದ ಸರಿದು ಹುಲಿಗೆಮ್ಮನ ಮೇಲೆ ಬಿತ್ತು. ಒಂದೇ ಒಂದು, ಯಾರಿಗೆ ಏನು ನಷ್ಟ ಎಂದುಕೊಂಡ. ಎರಡನೆಯದಕ್ಕೂ ಹಾಗೇ ಅಂದುಕೊಂಡ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟ. ದುರ್ಗಮ್ಮಜ್ಜಿಯ ರಂಗೋಲಿ ಎಳೆದು ಒತ್ತಿದ, ಮಲ್ಲಿಕ್‌ನ ಅಮ್ಮನ ಫೋನಿನಲ್ಲೂ ಒತ್ತಿದ, ಹುಡುಗಿಯ ಸ್ವಂತ ಅಜ್ಜಿಯದರಲ್ಲಿ! ಒತ್ತುತ್ತ ಹೋದ ಹಾಗೆ ಎದೆ ಹಗುರಾಗುತ್ತ ಹೋಯಿತು. ಕಿತ್ತುಕೊಂಡಿದ್ದ ಮೈಕನ್ನು ಇಷ್ಟು ವರ್ಷದ ಮೇಲೆ ಯಾರದೋ ಕೈಗೆ ವಾಪಸು ಇಟ್ಟ ಹಾಗೆ. ಕೊನೆಗೆ ವಾಣಿಯ ಫೋನು. ಅದರಲ್ಲೂ ಒತ್ತಿ, ಒರೆಸಿ, ಸೇವಂತಿಗೆಯನ್ನು ಮತ್ತೆ ಮೇಲಿಟ್ಟ. ಅಡಿಗೆಮನೆಯ ಬಾಗಿಲ ಪರದೆ ಆಗ ಒಂದಿಷ್ಟು ಅಲ್ಲಾಡಿತ್ತು. ಗಾಳಿ ಇರಬೇಕು ಎಂದುಕೊಂಡಿದ್ದ. ಮುಂದಿನ ವಾರ ಟೀವಿಯಲ್ಲಿ, ಕೂದಲೆಳೆಯ ಅಂತರ ಎಂದು ನಿರೂಪಕಿ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಅಕ್ಷರಾ ಹೊರಗೆ, ಹುಲಿಗೆಮ್ಮ ಫೈನಲ್ಲಿಗೆ. ಒಂದು ಮೊರದಷ್ಟು ಫೋನಿನಿಂದ ರಾಜ್ಯದ ಲೆಕ್ಕ ತಪ್ಪುತ್ತದೆಯೇ ಎಂದು ಅವನು ತನ್ನನ್ನೇ ಎಷ್ಟು ಸಲ ಕೇಳಿಕೊಂಡನೋ. ತಪ್ಪಿದ್ದರೂ ತಪ್ಪಿರಬಹುದು. ಯಾರಿಗೂ ಗೊತ್ತಾಗುವ ಹಾಗಿಲ್ಲ, ಅದೇ ದೊಡ್ಡ ಹಿಂಸೆ. ಅದಕ್ಕಿಂತ ದೊಡ್ಡದು, ಊರಿಗೆ ಬಂದ ಹುಡುಗಿ ಬಾಯಿ ಮುಚ್ಚಿಕೊಂಡು ಕೂತದ್ದು. ಇನ್ನು ಹಾಡುವುದಿಲ್ಲ ಎಂದಳಂತೆ. ತಂಬೂರಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿಸಿದಳಂತೆ. ಗೋಡೆಯ ಆಚೆಯಿಂದ ಈಗ ಕುಕ್ಕರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳನ್ನು ಹೇಗಾದರೂ ಮಾಡಿ ಮತ್ತೆ ಹಾಡಿಸಬೇಕೆಂದೇ ಕೇರಿಯವರು ಇವತ್ತಿನ ಸನ್ಮಾನ ಇಟ್ಟುಕೊಂಡಿದ್ದರು.

"ಎರಡನೇ ಶಾಲು ನಿನಗೆ ಅಲ್ವಾ?" ಎಂದಳು ವಾಣಿ. ಬಸ್ಸು ನಿದಿಗೆ ದಾಟುತ್ತಿತ್ತು. "ಮುಖ್ಯ ಅತಿಥಿಗೆ ಅಂದ ಮಲ್ಲಿಕ್." "ಮುಖ್ಯ ಅತಿಥಿ ಯಾರೂ ಇಲ್ಲ ಅಪ್ಪ, ನೀನೇ. ಇಷ್ಟು ವಾರ ಕೂತು ವೋಟು ಹಾಕಿದ್ದಕ್ಕೆ. ಅಮ್ಮಂಗೂ ಗೊತ್ತು." ಹಿರಿಯಣ್ಣ ಪೊಟ್ಟಣದ ಹುರಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ನಾನದನ್ನ ಹೊದ್ಕೊಳೋ ಹಾಗಿಲ್ಲ, ವಾಣಿ" ಎಂದ. ಅವನ ದನಿ ಅವನಿಗೇ ಕೇಳಿಸಲಿಲ್ಲ, ಆದರೆ ಅವಳಿಗೆ ಕೇಳಿಸಿತು.

"ಗೊತ್ತು" ಎಂದಳು.

"ಏನು ಗೊತ್ತು?"

"ಆವತ್ತು ಕಾಫಿ ತಂದಿದ್ದೆ ನಾನು. ಪರದೆ ಹತ್ರಾನೇ ನಿಂತಿದ್ದೆ. ನೀನು ಯಾರ ಮೇಲೆ ಒತ್ತಿದೆ ಅಂತ ನೋಡ್ದೆ. ನನ್ನ ಫೋನಲ್ಲೂ."

ಕಾಫಿ ಆವತ್ತು ಆರಿಹೋಗಿತ್ತು ಎಂಬುದು ಅವನಿಗೆ ಈಗ ನೆನಪಾಯಿತು. ಆರಿದೆಯಲ್ಲೇ ಎಂದು ಅವನು ಗೊಣಗಿದ್ದಕ್ಕೆ ಅವಳು ಏನೂ ಹೇಳದೆ ಲೋಟ ವಾಪಸು ತೆಗೆದುಕೊಂಡು ಹೋಗಿದ್ದಳು. ಕಿವಿ ಬಿಸಿಯಾಯಿತು. ಅಷ್ಟರ ನಡುವೆಯೂ ಒಳಗೆಲ್ಲೋ ಒಂದು ಆಸೆ ಎದ್ದು ಕೂತಿತು. ಇವಳಿಗೆ ಗೊತ್ತಿದೆ ಎಂದ ಮೇಲೆ ಯಾಕೆ ಎಂಬುದೂ ಗೊತ್ತಿರಬೇಕಲ್ಲ. "ಆ ಹುಡುಗಿ ನಿನ್ನ ಹಾಗೇ ಉಸಿರು ತಗೋತಾಳೆ ಕಣೆ" ಎಂದ. "ಥೇಟ್ ನಿನ್ನ ಹಾಗೇ. ಅದಕ್ಕೇ ಅವರು ಮಾರ್ಕ್ಸ್ ಕಡಿಮೆ ಮಾಡಿದ್ರು. ನನಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ. ನಾನು ಮಾಡಿದ್ದು ನಿನಗೋಸ್ಕರ..."

ವಾಣಿ ಕಿಟಕಿಯ ಕಡೆ ತಿರುಗಿದಳು. ಮಾಚೇನಹಳ್ಳಿಯ ಶೆಡ್ಡುಗಳು, ಲಾರಿಗಳು, ಟೀ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು ಹಿಂದೆ ಹೋದವು. "ನನಗೋಸ್ಕರ ಅನ್ನಬೇಡ" ಎಂದಳು, ತಿರುಗದೆಯೇ. "ಸ್ಟೇಜಿಂದ ಇಳಿಸಿದಾಗ್ಲೂ ನನಗೋಸ್ಕರ ಅಂತಾನೇ ಅಂದಿದ್ದೆ ನೀನು. ಆವತ್ತು ನನ್ನ ಕೈಯಿಂದ ಕಿತ್ಕೊಂಡೆ, ಈಗ ಇನ್ನೊಂದು ಮಗೂ ಕೈಯಿಂದ. ಒಂದು ಮಾತು ನಮ್ಮನ್ನ ಕೇಳಿದ್ಯಾ? ಆವತ್ತಾಗ್ಲಿ, ಈಗಾಗ್ಲಿ?"

ಬಸ್ಸಿನಲ್ಲಿ ಯಾರೋ ಜೋರಾಗಿ ತಮಿಳಿನಲ್ಲಿ ಫೋನು ಮಾತಾಡುತ್ತಿದ್ದರು. ಹಿರಿಯಣ್ಣನ ಕಣ್ಣು ತುಂಬಿತು. ಅಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನಿಸಿ ಹೊರಗೆ ನೋಡಿದ. ಕೊನೆಗೆ, "ಇವತ್ತು ಎಲ್ಲರ ಮುಂದೆ ಹೇಳ್ಬಿಡ್ತೀನಿ" ಎಂದ.

"ಹೇಳಿ? ನಿನ್ನೆದೆ ಹಗುರ ಆಗುತ್ತೆ, ಮನೇಗೆ ಬಂದು ಮಲಕ್ಕೋತೀಯ. ಅವಳ ಗತಿ? ಅಲ್ಲಿ ಸೋತೆ ಅಂತ ಒಂದು ನೋವು. ನಮ್ಮ ಕೇರಿಯವರೇ ಕೈಬಿಟ್ರು, ಪಕ್ಕದ್ಮನೆ ಅಜ್ಜಾನೇ ಕೈಬಿಟ್ರು ಅಂತ ಗೊತ್ತಾದ್ರೆ ಇನ್ನೊಂದು. ಈಗ್ಲೇ ಬಾಯಿ ಮುಚ್ಕೊಂಡಿದಾಳೆ, ಆಮೇಲೆ ಜನ್ಮದಲ್ಲಿ ಬಿಡಲ್ಲ. ನನಗೆ ಗೊತ್ತು ಅದು ಹೇಗಿರುತ್ತೆ ಅಂತ." ವಾಣಿ ಪೊಟ್ಟಣವನ್ನು ಅವನ ತೊಡೆಯ ಮೇಲೆ ಸರಿಯಾಗಿ ಇಟ್ಟಳು. "ಸುಮ್ನೆ ಶಾಲು ಹೊದ್ಕೊಂಡು ಕೂತ್ಕೋ. ಅಷ್ಟು ಮಾಡು."

ಕಾಗದನಗರದ ಸಮುದಾಯ ಭವನದಲ್ಲಿ ಇಳಿಹೊತ್ತಿನ ಬಿಸಿಲು ಕಿಟಕಿಗಳಿಂದ ಅಡ್ಡಡ್ಡ ಬಿದ್ದಿತ್ತು. ಮಿಲ್ಲು ನಡೆಯುತ್ತಿದ್ದಾಗ ಈ ಹೊತ್ತಿಗೆ ಅದರ ಹೊಗೆಯ ಕೊಳೆತ ಕೋಸಿನಂಥ ವಾಸನೆ ಊರನ್ನು ತುಂಬಿಕೊಳ್ಳುತ್ತಿತ್ತು, ಎಲ್ಲರೂ ಮೂಗು ಮುಚ್ಚಿ ಬೈಯುತ್ತಿದ್ದರು. ಈಗ ಗಾಳಿ ಚೊಕ್ಕವಾಗಿದೆ, ಅದರಲ್ಲಿ ಏನೂ ಇಲ್ಲ. ಕುರ್ಚಿಗಳು ತುಂಬಿದ್ದವು. ಹಿರಿಯಣ್ಣನನ್ನು ಬಾಗಿಲಲ್ಲೇ ಹಿಡಿದು ವೇದಿಕೆಗೆ ಹತ್ತಿಸಿದರು. ಅವನು ಹೆಜ್ಜೆ ಇಡುವಾಗ, ಬೇಕೆಂದೇ, ಕೆಳಗೆ ಚಪ್ಪಲಿ ಬಿಟ್ಟ. ಅಕ್ಷರಾ ಆಗಲೇ ಕೂತಿದ್ದಳು. ಟೀವಿಯಲ್ಲಿ ಕಂಡದ್ದಕ್ಕಿಂತ ಸಣ್ಣಗೆ, ಕಣ್ಣ ಕೆಳಗೆ ಕಪ್ಪು. ಅವನನ್ನು ನೋಡಿ ಎದ್ದು ಕಾಲು ಮುಟ್ಟಿದಳು. ಆ ಕೈ ಪಾದಕ್ಕೆ ತಾಗಿದಾಗ ಅವನಿಗೆ ಹಿಂದಕ್ಕೆ ಸರಿದುಬಿಡಬೇಕು ಅನ್ನಿಸಿತು. ವೇದಿಕೆಯ ಎದುರಿನ ಮೊದಲ ಸಾಲಿನಲ್ಲಿ ವಸಂತಮ್ಮ, ಪಕ್ಕದಲ್ಲಿ ವಾಣಿ. ವಸಂತಮ್ಮ ರೇಷ್ಮೆ ಸೀರೆ ಉಟ್ಟಿದ್ದಳು, ಗಂಡನಿಗಾಗುವ ಸನ್ಮಾನಕ್ಕೆ ಈಗಲೇ ಅಳುವ ತಯಾರಿಯಲ್ಲಿದ್ದಳು.

ನಿರೂಪಣೆಗೆ ನಿಂತವನು ಕೇರಿಯ ಕಾರ್ಯದರ್ಶಿ ರೇಣುಕಾಪ್ರಸಾದ್. ಮೈಕು ಸಿಕ್ಕರೆ ಬಿಡುವ ಪೈಕಿಯಲ್ಲ. "ನಮ್ಮ ಟೈಂ ಆಫೀಸ್ ಹಿರಿಯಣ್ಣನವರು! ಒಂದು ವಾರ ತಪ್ಪಿಸಿದವರಲ್ಲ, ಒಂದು ಫೋನು ಬಿಟ್ಟವರಲ್ಲ! ನಮ್ಮ ಮಗು ಅಷ್ಟು ದೂರ ಹೋಗಿದ್ರೆ ಅದು ಈ ಕೈಗಳಿಂದ!" ಎಂದು ಹಿರಿಯಣ್ಣನ ಕೈ ಹಿಡಿದು ಮೇಲಕ್ಕೆತ್ತಿ ಸಭೆಗೆ ತೋರಿಸಿದ. ಚಪ್ಪಾಳೆ. ಮಲ್ಲಿಕ್ ಶಾಲು ಹೊದಿಸಿದ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದ್ದ ಶಾಲೇ, ಈಗ ಹತ್ತರಷ್ಟು ಭಾರ. ದುರ್ಗಮ್ಮಜ್ಜಿ ಎದ್ದು ನಿಂತು ಎರಡೂ ಕೈಯಿಂದ ಅವನಿಗೆ ದೃಷ್ಟಿ ತೆಗೆದು ಲಟಕ್ಕನೆ ನೆಟಿಗೆ ಮುರಿದಳು. ಇದಕ್ಕಿಂತ ಯಾರಾದರೂ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು. ಹಿರಿಯಣ್ಣ ಕೈ ಮುಗಿದ. ಮುಗಿದ ಕೈಗಳ ಸಂದಿಯಿಂದ ವಾಣಿಯ ಕಡೆ ನೋಡಿದ. ಅವಳು ಚಪ್ಪಾಳೆ ತಟ್ಟುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು, ಮೇಷ್ಟ್ರು ಹುಡುಗನನ್ನು ನೋಡುವ ಹಾಗೆ.

ಆಮೇಲೆ ಅಕ್ಷರಾಳ ಸರದಿ. ಹಾಡು, ಹಾಡು ಎಂದು ಸಭೆ ಕೂಗಿತು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ಅಲ್ಲಾಡಿಸಿದಳು. "ಹಾಡಕ್ಕೆ ಬರಲ್ಲ ನನಗೆ ಈಗ. ಬಾಯಿ ತೆಗೆದ್ರೆ ಭಯ ಆಗುತ್ತೆ" ಎಂದಳು. "ಒಂದು ಮಾತು ಹೇಳ್ಬೇಕಿತ್ತು, ಅಷ್ಟೇ. ಅಲ್ಲಿ, ಟೀವೀಲಿ, ನಿನ್ನ ಗುರು ಯಾರು ಅಂತ ಕೇಳಿದ್ರು. ನಾನು ಹೇಳಿದ್ದೆ. ಅದನ್ನ ಕಟ್ ಮಾಡ್ಬಿಟ್ರು. ಯಾರೂ ಕಲಿಸದೇ ಕಲಿತ ಹುಡುಗಿ ಅಂತ ತೋರಿಸಿದ್ರು. ನನಗೆ ಕಲಿಸಿದ್ದು ವಾಣಿ ಅಕ್ಕ."

ಸಭೆಯಲ್ಲಿ ಒಂದು ಸಣ್ಣ ಗಡಿಬಿಡಿ ಓಡಾಡಿತು. ವಸಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರ ಕಣ್ಣೂ ಹಿರಿಯಣ್ಣನ ಕಡೆ ತಿರುಗಿದವು. ಆ ತಿರುಗಿದ ರೀತಿಯಲ್ಲೇ ಅವನಿಗೆ ತಿಳಿಯಿತು, ಇದು ಗೊತ್ತಿಲ್ಲದಿದ್ದವನು ಇಡೀ ಭವನದಲ್ಲಿ ತಾನೊಬ್ಬನೇ.

"ದುಶ್ಯಂತ್ ಹುಟ್ಟಿದಾಗ ಅಕ್ಕ ಬಾಣಂತನಕ್ಕೆ ಬಂದಿದ್ರಲ್ಲ, ಪಾಪೂ ನೋಡಕ್ಕೆ ಅಂತ ದಿನಾ ಹೋಗ್ತಿದ್ದೆ ನಾನು. ಅಜ್ಜ ಡ್ಯೂಟಿಗೆ ಹೋದ ಮೇಲೆ ಅಕ್ಕ ತೊಟ್ಟಿಲ ಹಾಡು ಹೇಳ್ತಿದ್ರು. ಹಾಗೆ ಶುರು ಆಗಿದ್ದು. ಹೊಳಲೂರಿಗೆ ಹೋದ ಮೇಲೆ ದಿನಾ ಮಧ್ಯಾಹ್ನ ಫೋನಲ್ಲಿ ಹೇಳಿಕೊಡ್ತಿದ್ರು. ಅಜ್ಜನಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ ಅಂತ ಎಲ್ಲರೂ ಹೇಳಿದ್ರು, ಅದಕ್ಕೇ ಹೇಳಿರ್ಲಿಲ್ಲ." ಹುಡುಗಿ ಅವನ ಕಡೆ ತಿರುಗಿದಳು. "ಇದ್ಯಾವುದೂ ಗೊತ್ತಿಲ್ದೇನೇ ಅಜ್ಜ ಇಷ್ಟು ವಾರ ನನಗೆ ವೋಟು ಹಾಕಿದಾರೆ. ಅಕ್ಕನಿಗೋಸ್ಕರ ಅಲ್ಲ, ನನಗೋಸ್ಕರ. ಅದಕ್ಕೇ ಇವತ್ತು ಹೇಳ್ಬೇಕು ಅನ್ನಿಸ್ತು. ನನ್ನ ಬದಲು ಅಕ್ಕನೇ ಒಂದು ಹಾಡ್ಲಿ. ಅಜ್ಜ, ನೀವೇ ಕರೀರಿ." ಹೇಳಿ ಮೈಕನ್ನು ಅವನ ಕೈಗೆ ಕೊಟ್ಟಳು.

ಹಿರಿಯಣ್ಣನಿಗೆ ಒಂದೊಂದೇ ಲೆಕ್ಕ ಕೂಡಿಬಂತು. ಮಧ್ಯಾಹ್ನದ ಎಂಗೇಜು. ಮೊರದ ಮೇಲಿನ ಸೇವಂತಿಗೆ. ಕಚ್ಚಿಕೊಂಡ ಸೆರಗು. ಬಸ್ಸಿನಲ್ಲಿ ವಾಣಿ ಇಷ್ಟನ್ನೂ ಹೇಳಬಹುದಿತ್ತು, ನನ್ನ ಹಾಡನ್ನೇ ನೀನು ಹೊರಗೆ ಹಾಕಿದೆ ಎನ್ನಬಹುದಿತ್ತು. ಅಂದಿದ್ದರೆ ತಾನು ಅಲ್ಲೇ ಸತ್ತುಹೋಗುತ್ತಿದ್ದ, ಅದಕ್ಕೇ ಅನ್ನಲಿಲ್ಲ. ಕೈಲಿದ್ದ ಮೈಕು ಬೆಚ್ಚಗಿತ್ತು, ಹುಡುಗಿಯ ಅಂಗೈಯ ಬೆವರು ಇನ್ನೂ ಆರಿರಲಿಲ್ಲ. ಮೈಕು ಹಿಡಿದು ಅವನು ಸುಮ್ಮನೆ ನಿಂತಿದ್ದಕ್ಕೆ ಅವನ ಉಸಿರೇ ಭವನದ ತುಂಬ ಕೇಳಿಸುತ್ತಿತ್ತು, ಮುದುಕನ ಗೊರಗೊರ ಉಸಿರು. ಇಲ್ಲಿ ನಿಂತು ಈಗಲೂ ಹೇಳಿಬಿಡಬಹುದು. ನಾಲಿಗೆಯ ತುದಿಗೆ ಬಂದಿತ್ತು. ವಾಣಿ ಕುರ್ಚಿಯಿಂದ ಎದ್ದಳು. ವೇದಿಕೆಯ ಅಂಚಿಗೆ ಬಂದು, ಕೆಳಗೇ ನಿಂತು ಮುಖ ಮೇಲೆತ್ತಿದಳು. ಕೈ ಚಾಚಲಿಲ್ಲ.

"ನನಗಲ್ಲ ಅಪ್ಪ" ಎಂದಳು. "ಅವಳಿಗೆ ಕೊಡು."

ಹಿರಿಯಣ್ಣ ತಿರುಗಿದ. ತಿರುಗುವುದಕ್ಕೆ ಬಹಳ ಹೊತ್ತು ಹಿಡಿದ ಹಾಗೆ ಅವನಿಗೆ ಅನ್ನಿಸಿತು. ಮೈಕನ್ನು ಹುಡುಗಿಯ ಕೈಗಿಟ್ಟು, ಆ ಬೆರಳುಗಳನ್ನು ಅದರ ಸುತ್ತ ತನ್ನ ಕೈಯಿಂದಲೇ ಮಡಿಸಿದ. "ಹಾಡಮ್ಮ" ಎಂದ. ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಯಾರಿಗೂ ಬಂದಿರಲಿಲ್ಲ. ಮತ್ತೆ ಹೇಳಿದ, "ಹಾಡು. ನಾನು ಕೇಳ್ತೀನಿ."

ಅಕ್ಷರಾ ಕೆಳಗೆ ನಿಂತ ವಾಣಿಯನ್ನು ನೋಡಿದಳು. "ಅಲ್ಲಿ ಉಸಿರು ಕೇಳಿಸಬಾರದು ಅಂತ ತಿದ್ದಿದ್ರು ಅಕ್ಕ. ಈಗ ಹೇಗೆ ಬರುತ್ತೋ" ಎಂದಳು. "ಬಂದ ಹಾಗೆ ಬರ್ಲಿ ಮಾರಾಯ್ತಿ" ಎಂದಳು ವಾಣಿ. ಹುಡುಗಿ ಕಣ್ಣು ಮುಚ್ಚಿ ಶುರುಮಾಡಿದಳು. ತೊಟ್ಟಿಲ ಹಾಡು. ಮೊದಲು ದನಿ ಒಡೆಯಿತು, ಎರಡು ಸಲ ನಿಂತಿತು. ಆಮೇಲೆ ಕೆಳಗಿನ ಸಾಲುಗಳಲ್ಲಿ ನಿಧಾನ ಕಾಲೂರಿಕೊಂಡಿತು. ಏರುವ ಜಾಗ ಬಂತು. ಏರುವ ಮೊದಲು ಆ ಗುಟುಕು ಉಸಿರು ಭವನದ ಎರಡೂ ಸ್ಪೀಕರಿನಿಂದ ಕೇಳಿಸಿತು. ಅದೇ. ಗೋಡೆಯ ಆಚೆಗೆ ಇಷ್ಟು ವರ್ಷ ಇದ್ದದ್ದು, ಅವನು ದೂರದ ಹುಡುಗಿಯಲ್ಲಿ ಕಂಡು ಆರಿಸಿಕೊಂಡದ್ದು. ಕೆಳಗೆ ನಿಂತ ವಾಣಿಯ ಎದೆ ಕೂಡ ಅದೇ ಕ್ಷಣಕ್ಕೆ ಏರಿ ಇಳಿಯಿತು, ತುಟಿ ಮಾತ್ರ ತೆರೆಯಲಿಲ್ಲ. ಸಭೆ ಕೂತಿತ್ತು, ರೇಣುಕಾಪ್ರಸಾದ್ ಕುರ್ಚಿ ತೋರಿಸಿ ಕೂರಿ ಎಂದು ಸನ್ನೆ ಮಾಡುತ್ತಿದ್ದ. ಹಿರಿಯಣ್ಣ ಶಾಲಿನೊಳಗೆ ಕೈ ಕಟ್ಟಿಕೊಂಡು, ಹಾಡು ಮುಗಿಯುವ ತನಕ, ನಿಂತೇ ಇದ್ದ.